ಲೇಬರ್ ರೂಮ್ ನರ್ಸ್‌ಗೆ ಕರ್ನಾಟಕದಲ್ಲಿ ನಿಜವಾಗಿ ಕೈಗೆ ಎಷ್ಟು ಬರುತ್ತದೆ?

ತಿಪಟೂರು ತೆಂಗು:
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಐದು ತಿಂಗಳಾಯಿತು. ಕೌನ್ಸಿಲ್ ರಿಜಿಸ್ಟ್ರೇಷನ್ ಕೂಡ ಆಗಿದೆ. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲೇಬರ್ ರೂಮ್‌ಗೆ ಕರೆದಿದ್ದಾರೆ. 80 ಬೆಡ್ ಇದೆ. ತಿಂಗಳಿಗೆ 18,000 ಅಂದರು. ಎರಡು ವರ್ಷದ ಬಾಂಡ್ ಬೇಕಂತೆ, ಒರಿಜಿನಲ್ ಸರ್ಟಿಫಿಕೇಟ್‌ಗಳನ್ನೂ ಅವರ ಹತ್ತಿರವೇ ಇಟ್ಟುಕೊಳ್ಳುತ್ತಾರಂತೆ.

ನನ್ನ ಓದಿಗೆ ಅಪ್ಪ ಸಾಲ ಮಾಡಿದ್ದಾರೆ. "ಹೆರಿಗೆ ವಾರ್ಡ್ ಕಷ್ಟದ ಕೆಲಸ, ಅಲ್ಲಿ ಬೇರೆಯವರಿಗಿಂತ ಜಾಸ್ತಿ ಕೊಡುತ್ತಾರೆ" ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೆ ಏನಾದರೂ ಇದೆಯಾ? ಸರ್ಕಾರಿ, ಗುತ್ತಿಗೆ, ಖಾಸಗಿ ಮೂರರಲ್ಲೂ ಇರುವವರು ದಯವಿಟ್ಟು ನಿಜವಾದ ಲೆಕ್ಕ ಹೇಳಿ. ಸೋಮವಾರದೊಳಗೆ ಉತ್ತರ ಕೊಡಬೇಕು.

ಮಲೆನಾಡ ಮಳೆ:
ಇಲ್ಲ ತಂಗಿ. ಲೇಬರ್ ರೂಮ್‌ಗೆ ಅಂತ ಬೇರೆ ಸಂಬಳ ಇಲ್ಲ. ಐಸಿಯು, ಓಟಿ (ಆಪರೇಷನ್ ಥಿಯೇಟರ್), ಜನರಲ್ ವಾರ್ಡ್, ಹೆರಿಗೆ, ಎಲ್ಲಾ ಒಂದೇ.

ಸೆಕೆಂಡ್ ಶಿಫ್ಟ್:
ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಓಟಿ, ಐಸಿಯುಗೆ ತಿಂಗಳಿಗೆ ಒಂದೆರಡು ಸಾವಿರ ಅಲೊಯೆನ್ಸ್ ಕೊಡುತ್ತಾರೆ. ಲೇಬರ್ ರೂಮ್‌ಗೂ ಕೊಡುವುದನ್ನು ನಾನು ಒಂದೇ ಕಡೆ ನೋಡಿದ್ದೇನೆ. ಕೇಳಿದರೆ "ಅದು ಕ್ರಿಟಿಕಲ್ ಏರಿಯಾ ಅಲ್ಲ" ಅನ್ನುತ್ತಾರೆ. ಅಲ್ಲಿ ಒಂದು ನೈಟ್ ನಿಂತು ನೋಡಿದವರು ಹಾಗೆ ಹೇಳಲಾರರು.

ಹದಿನಾಲ್ಕನೇ ವರ್ಷ:
ತಾಲೂಕು ಆಸ್ಪತ್ರೆಯಲ್ಲಿ ಪರ್ಮನೆಂಟ್ ನರ್ಸಿಂಗ್ ಆಫೀಸರ್ ಆಗಿದ್ದೇನೆ. ನಡುವೆ ಎರಡು ವರ್ಷ ಬಿಟ್ಟರೆ ಉಳಿದಿದ್ದೆಲ್ಲ ಹೆರಿಗೆ ವಾರ್ಡೇ. ಮೊದಲು ಗುತ್ತಿಗೆಯಲ್ಲಿದ್ದೆ, ಆಮೇಲೆ ಖಾಯಂ ಆಯಿತು. ಮುಚ್ಚಿಡುವುದಕ್ಕೆ ಏನಿದೆ, ಲೆಕ್ಕ ಹೇಳುತ್ತೇನೆ.

ಮೂಲ ವೇತನಕ್ಕೆ ಡಿಎ (ತುಟ್ಟಿಭತ್ಯೆ), ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಸೇರಿ 73 ಸಾವಿರದ ಹತ್ತಿರ ಬರುತ್ತದೆ. ನಮ್ಮ ಊರು ಚಿಕ್ಕದು, ಹಾಗಾಗಿ ಎಚ್‌ಆರ್‌ಎ 7.5% ಮಾತ್ರ. ಬೆಂಗಳೂರಿನವರಿಗೆ 20%. ಇದರಲ್ಲಿ ಎನ್‌ಪಿಎಸ್ (ಪಿಂಚಣಿ), ಕೆಜಿಐಡಿ (ಸರ್ಕಾರಿ ವಿಮೆ), ವೃತ್ತಿ ತೆರಿಗೆ 200 ಕಳೆದು ಕೈಗೆ ಸುಮಾರು 61 ಸಾವಿರ ಬರುತ್ತದೆ. ಇದು ನಿಜಕ್ಕೂ ಒಳ್ಳೆಯ ಸಂಬಳ. ನಾನು ದೂರುವುದಿಲ್ಲ.

ಆದರೆ ನನ್ನ ಜೊತೆ ಅದೇ ಶಿಫ್ಟ್‌ನಲ್ಲಿ, ಅದೇ ಟೇಬಲ್ ಮುಂದೆ ನಿಲ್ಲುವ ಹುಡುಗಿ ಗುತ್ತಿಗೆಯವಳು. ಅವಳಿಗೆ 17 ಸಾವಿರವೂ ಇಲ್ಲ. ಪ್ರತಿ ತಿಂಗಳೂ ನನಗೆ ಸಂಕಟವಾಗುವುದು ಇದಕ್ಕೇ.

ಜಾಲಹಳ್ಳಿ ಸ್ಟಾಪ್:
ಸರ್ಕಾರಿ ಸ್ಟಾಫ್ ನರ್ಸ್‌ಗೆ ಶುರುವಿನ ಬೇಸಿಕ್ 33,450 ಅಲ್ವಾ? ನಮ್ಮ ಅತ್ತಿಗೆಗೆ ಅಷ್ಟೇ ಇತ್ತು.

ಖಜಾನೆ ಕಿಟಕಿ:
ಅದು ಹಳೆಯ ಶ್ರೇಣಿ. 33,450 ರಿಂದ 62,600. ಏಳನೇ ರಾಜ್ಯ ವೇತನ ಆಯೋಗದ ವರದಿ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಬದಲಾಗಿದೆ. ಲೆಕ್ಕ ಸುಲಭ. 33,450ಕ್ಕೆ ಆಗ ಬೇಸಿಕ್‌ನಲ್ಲಿ ಲೀನ ಮಾಡಿದ 31% ಡಿಎ ಸೇರಿಸಿ, ಜೊತೆಗೆ 27.5% ಫಿಟ್‌ಮೆಂಟ್ (ಆಯೋಗದ ಏರಿಕೆ) ಸೇರಿಸಿ. 53 ಸಾವಿರ ದಾಟುತ್ತದೆ. ಹೊಸದಾಗಿ ಸೇರುವವರ ಬೇಸಿಕ್ಕೇ ಈಗ ಅಷ್ಟಿದೆ. ಅದರ ಮೇಲೆ ಹೊಸ ಡಿಎ ಮತ್ತು ಎಚ್‌ಆರ್‌ಎ.

ರೈಲ್ವೆ ಕ್ವಾರ್ಟರ್ಸ್:
ಹಾಗಾದರೆ ರಾಜ್ಯದವರಿಗೇ ಕೇಂದ್ರಕ್ಕಿಂತ ಜಾಸ್ತಿ ಆಯಿತು! ನಿಮ್ಹಾನ್ಸ್, ರೈಲ್ವೆ, ಇಎಸ್‌ಐಸಿ ನರ್ಸಿಂಗ್ ಆಫೀಸರ್‌ಗೆ ಕೇಂದ್ರದ ವೇತನ ಶ್ರೇಣಿಯ ಲೆವೆಲ್ 7, ಬೇಸಿಕ್ 44,900 ಮಾತ್ರ.

ಖಜಾನೆ ಕಿಟಕಿ:
ಹಾಗೆ ಹೋಲಿಸಬಾರದು ಸರ್. ರಾಜ್ಯದ 53 ಸಾವಿರದೊಳಗೆ ಹಳೆಯ ಡಿಎ ಆಗಲೇ ಸೇರಿಕೊಂಡಿದೆ. ಕೇಂದ್ರದ 44,900ರ ಮೇಲೆ ಡಿಎ ಬೇರೆಯಾಗಿ ಬರುತ್ತದೆ, ಅದು 50% ದಾಟಿ ಬಹಳ ದಿನವಾಯಿತು. 50% ಅಂತ ಹಿಡಿದರೂ 67,350 ಆಯಿತು. ಜೊತೆಗೆ ನರ್ಸಿಂಗ್ ಅಲೊಯೆನ್ಸ್ 7,200 ಇತ್ತು, ಡಿಎ 50% ಮುಟ್ಟಿದಾಗ 9,000 ಆಯಿತು. ಅಂತರ ಇದ್ದೇ ಇದೆ. ಕೇಂದ್ರಕ್ಕೆ ಸರಿಸಮ ಭತ್ಯೆ ಕೊಡಿ ಅಂತ ರಾಜ್ಯದ ನರ್ಸ್‌ಗಳು ಕೇಳುತ್ತಿರುವುದು ಇದಕ್ಕೇ.

ರೈಲ್ವೆ ಕ್ವಾರ್ಟರ್ಸ್:
ಸರಿ, ಒಪ್ಪಿದೆ. ಡಿಎ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

ಕೃಷ್ಣೆ ದಂಡೆ:
ರಾಯಚೂರಿಗೆ ಏಮ್ಸ್ ಕೊಡ್ರಿ ಅಂತ 2022ರಿಂದ ಧರಣಿ ಕೂತಾರ. ಬಂದಿದ್ದರ ನಮ್ಮ ಕಡೆ ಹುಡುಗ್ಯಾರಿಗೆ ಲೆವೆಲ್ 7 ನೌಕರಿ ಊರಾಗs ಸಿಗ್ತಿತ್ತು. ಈಗ ನರ್ಸಿಂಗ್ ಓದಿದವರೆಲ್ಲ ಹೈದರಾಬಾದ್ ಬಸ್ ಹತ್ತಾರ.

ಒಂದು ದಿನದ ಬ್ರೇಕ್:
ಗುತ್ತಿಗೆಯ ಕಡೆಯಿಂದ ನಾನು ಬರೆಯುತ್ತೇನೆ. ಎನ್‌ಎಚ್‌ಎಂನಲ್ಲಿ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಆರು ವರ್ಷ ಆಯಿತು. ಜಿಲ್ಲಾ ಮಟ್ಟದ ಆಸ್ಪತ್ರೆ, ಲೇಬರ್ ರೂಮ್. ಸೇರಿದಾಗ ಆದೇಶದಲ್ಲಿ ಇದ್ದದ್ದು 14 ಸಾವಿರದ ಚಿಲ್ಲರೆ. ಈಗ 17 ದಾಟಿದೆ. ಪ್ರತಿ ಮಾರ್ಚ್ ಕೊನೆಗೆ ಕಾಂಟ್ರಾಕ್ಟ್ ಮುಗಿಯುತ್ತದೆ. ಒಂದು ದಿನ ಬ್ರೇಕ್ ಕೊಟ್ಟು ಮತ್ತೆ ಏಪ್ರಿಲ್‌ನಲ್ಲಿ ತೆಗೆದುಕೊಳ್ಳುತ್ತಾರೆ. ಆ ಒಂದು ದಿನ ನಾನು ನರ್ಸ್ ಅಲ್ಲ, ಮಾರನೇ ದಿನ ಮತ್ತೆ ನರ್ಸ್. 2023ರ ಫೆಬ್ರವರಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ನಾವೆಲ್ಲ ಮುಷ್ಕರ ಕೂತಾಗ ಕೇಳಿದ್ದು ಇದನ್ನೇ. ಖಾಯಂ ಮಾಡಿ, ಅದು ಆಗುವವರೆಗೆ ಸಮಾನ ಸಂಬಳ ಕೊಡಿ.

ಕೆಲಸ ಹೇಗಿರುತ್ತದೆ ಅಂತ ಹೊರಗಿನವರಿಗೆ ತಿಳಿಯಲಿ. ಹೋದ ತಿಂಗಳು ಒಂದು ನೈಟ್. ಮೂರು ಟೇಬಲ್‌ಗೆ ನಾವಿಬ್ಬರು. ಒಂದರಲ್ಲಿ ಚೊಚ್ಚಲು ಹೆರಿಗೆ, ಒಂದರಲ್ಲಿ ಬಿಪಿ ಕೇಸ್, ಇನ್ನೊಂದರಲ್ಲಿ ನಾಲ್ಕನೇ ಹೆರಿಗೆಯ ತಾಯಿ. ಬೆಳಗಿನ ಜಾವ ಮೂರೂವರೆಗೆ ನಾಲ್ಕನೇ ಹೆರಿಗೆಯವಳಿಗೆ ಮಗು ಬಂತು. ಒಂದು ನಿಮಿಷದೊಳಗೆ ತೊಡೆಗೆ ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟೆ. ಕಸ (ಮಾಸು) ಪೂರ್ತಿ ಬಿತ್ತು. ಎಲ್ಲಾ ಸರಿಯಾಯಿತು ಅಂದುಕೊಂಡೆ. ಹೊಟ್ಟೆ ಮೇಲೆ ಕೈಯಿಟ್ಟರೆ ಗರ್ಭಕೋಶ ನೆನೆಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿದೆ. ಕೆಳಗೆ ನೋಡಿದರೆ ರಕ್ತ ಟೇಬಲ್ ಅಂಚಿನಿಂದ ಇಳಿಯುತ್ತಿದೆ. ಒಂದು ಕೈಯಲ್ಲಿ ಹೊಟ್ಟೆ ನೀವುತ್ತಾ, ಇನ್ನೊಂದು ಕೈಯಲ್ಲಿ ಡ್ರಿಪ್ ಜೋರು ಮಾಡುತ್ತಾ, ಡಾಕ್ಟರಿಗೆ ಫೋನ್ ಮಾಡಲು ಆಯಾಗೆ ಕೂಗಿ ಹೇಳಿದೆ. ಡಾಕ್ಟರ್ ಬರುವವರೆಗೆ ಹನ್ನೊಂದು ನಿಮಿಷ. ಅಷ್ಟು ಹೊತ್ತೂ ನಾನು ಕೈ ತೆಗೆಯಲಿಲ್ಲ. ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾದಾಗ ನನ್ನ ಮಣಿಕಟ್ಟು ಮರಗಟ್ಟಿತ್ತು.

ಆ ತಾಯಿ ಮೂರನೇ ದಿನ ನಡೆದುಕೊಂಡು ಮನೆಗೆ ಹೋದಳು. ಹೆರಿಗೆ ರಿಜಿಸ್ಟರ್‌ನಲ್ಲಿ "ಹೆರಿಗೆ ಮಾಡಿಸಿದವರು" ಅನ್ನುವ ಕಾಲಂನಲ್ಲಿ ನನ್ನ ಸಹಿ ಇದೆ. ಆ ಕಾಲಂನಲ್ಲಿ ಖಾಯಂ, ಗುತ್ತಿಗೆ ಅಂತ ಭೇದ ಇಲ್ಲ.

ಹದಿನಾಲ್ಕನೇ ವರ್ಷ:
ಓದಿ ಮೈ ಜುಮ್ಮೆಂದಿತು. ಆ ಹನ್ನೊಂದು ನಿಮಿಷ ಏನು ಅಂತ ನಮಗೆ ಗೊತ್ತು. ಕೈ ತೆಗೆಯದೆ ಇದ್ದೆಯಲ್ಲ, ಅದೇ ಅವಳನ್ನು ಉಳಿಸಿದ್ದು ತಂಗಿ.

ಸತ್ಯ ಹೇಳ್ತೀನಿ:
ಬೇಜಾರಾದರೂ ಪರವಾಗಿಲ್ಲ, ಒಂದು ಮಾತು ಹೇಳಲೇಬೇಕು. ನನ್ನ ಹೆಂಡತಿ ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆವು. ಮಗು ತೋರಿಸಲು ದುಡ್ಡು ಕೇಳಿದರು. ಗಂಡಾದರೆ ಒಂದು ರೇಟ್, ಹೆಣ್ಣಾದರೆ ಒಂದು ರೇಟ್. ನಾನು ಗಾರೆ ಕೆಲಸದವನು. ಮೂರು ದಿನದ ಕೂಲಿ ಅಲ್ಲಿಗೇ ಹೋಯಿತು. ಸಂಬಳ ಕಡಿಮೆ ಅಂತೀರಿ, ಇದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಸೆಕೆಂಡ್ ಶಿಫ್ಟ್:
ಎಲ್ಲಾ ನರ್ಸ್‌ಗಳನ್ನೂ ಒಂದೇ ಸಮ ಮಾಡಬೇಡಿ ಸರ್. ಬಹಳ ಕಡೆ ಕೇಳುವುದು ಬೇರೆಯವರು, ಕೆಟ್ಟ ಹೆಸರು ಬರುವುದು ಸಿಸ್ಟರ್‌ಗೆ.

ಸತ್ಯ ಹೇಳ್ತೀನಿ:
ಯಾರು ಕೇಳಿದರೂ ಸಿಸ್ಟರ್ ಎದುರಿಗೇ ಕೇಳಿದ್ದು. ಅವರು ಸುಮ್ನೆ ಇದ್ದರು.

ಹದಿನಾಲ್ಕನೇ ವರ್ಷ:
ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ನಾನೂ ಕಣ್ಣಾರೆ ನೋಡಿದ್ದೇನೆ. ನನ್ನ ಮೊದಲ ವರ್ಷದಲ್ಲಿ ಸೀನಿಯರ್ ಒಬ್ಬರು ನನ್ನ ಜೇಬಿಗೂ ನೂರು ರೂಪಾಯಿ ತುರುಕಿದ್ದರು. ವಾಪಸ್ ಕೊಡಲು ಎರಡು ದಿನ ಧೈರ್ಯ ಬರಲಿಲ್ಲ. ಕೊನೆಗೆ ಕೊಟ್ಟೆ. ಸಂಬಳ ಕಡಿಮೆ ಇದೆ ಅನ್ನುವುದು ಇದಕ್ಕೆ ಕಾರಣ ಆಗಬಾರದು. 61 ಸಾವಿರ ತೆಗೆದುಕೊಳ್ಳುವವರೂ ಕೇಳುತ್ತಾರೆ, 15 ಸಾವಿರದವರು ಕೈ ಚಾಚದೇ ಇರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ ಎಲ್ಲವೂ ಉಚಿತ. ಯಾರಾದರೂ ಕೇಳಿದರೆ ಅವರ ಹೆಸರು, ಶಿಫ್ಟ್ ಬರೆದು ಜಿಲ್ಲಾ ಆರೋಗ್ಯ ಅಧಿಕಾರಿಗೆ ದೂರು ಕೊಡಿ. ಹಿಂಜರಿಯಬೇಡಿ. ನಿಮ್ಮ ಮೂರು ದಿನದ ಕೂಲಿಗೆ ನಾನು ನಮ್ಮವರ ಪರವಾಗಿ ಕ್ಷಮೆ ಕೇಳುತ್ತೇನೆ.

ಸತ್ಯ ಹೇಳ್ತೀನಿ:
ನೀವು ಕ್ಷಮೆ ಕೇಳಬೇಡಿ ಅಕ್ಕ. ಹೇಳಿದ್ದು ಕೇಳಿಸಿಕೊಂಡಿರಲ್ಲ, ಸಾಕು. ನನ್ನ ಹೆಂಡತಿಗೆ ರಾತ್ರಿಯೆಲ್ಲಾ ಬೆನ್ನು ನೀವಿದ್ದೂ ಅಲ್ಲಿನ ಒಬ್ಬ ಸಿಸ್ಟರೇ. ಅದನ್ನೂ ಹೇಳಬೇಕು.

ಕಾನೂನು ಕೇಳಿ:
ಮೂಲ ಪ್ರಶ್ನೆಗೆ ಬರೋಣ. ಖಾಸಗಿ ಆಸ್ಪತ್ರೆಯಲ್ಲಿ 20,000ಕ್ಕಿಂತ ಕಡಿಮೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶ ಮಾಡಿದೆ. 18,000 ಕೊಡುವುದು ಕಾನೂನುಬಾಹಿರ. ಕೇಸ್ ಹಾಕಿ.

ಕಪ್ಪು ಕೋಟು:
ಅರ್ಧ ಸರಿ, ಅರ್ಧ ತಪ್ಪು. 2016ರ ಜನವರಿ 29ರಂದು ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು, ಸಮಿತಿ ಮಾಡಿ ಅಂತ. ಆ ಸಮಿತಿ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಬೆಡ್ ಇದ್ದರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ. 100 ದಾಟಿದ್ದರೆ 10%ಕ್ಕಿಂತ ಜಾಸ್ತಿ ಕಡಿಮೆ ಆಗಬಾರದು. 50 ರಿಂದ 100 ಬೆಡ್ ಆದರೆ 25%ಕ್ಕಿಂತ ಜಾಸ್ತಿ ಕಡಿಮೆ ಆಗಬಾರದು. 50ಕ್ಕಿಂತ ಚಿಕ್ಕದಾದರೆ ಕನಿಷ್ಠ 20,000.

ಆದರೆ ಅದು ಶಿಫಾರಸು. ಜಾರಿಗೆ ರಾಜ್ಯ ಸರ್ಕಾರ ಕಾನೂನನ್ನೋ ಅಧಿಸೂಚನೆಯನ್ನೋ ತರಬೇಕು. ಕೇರಳದಲ್ಲಿ 2017ರಲ್ಲಿ ನರ್ಸ್‌ಗಳು ಬೀದಿಗಿಳಿದರು. 2018ರಲ್ಲಿ ಅಲ್ಲಿ ಕನಿಷ್ಠ 20,000ದ ಅಧಿಸೂಚನೆ ಬಂತು. ಸುಮ್ನೆ ಕೂತಿದ್ದರೆ ಅದು ಬರುತ್ತಿರಲಿಲ್ಲ.

ಖಜಾನೆ ಕಿಟಕಿ:
ಈ ಲೆಕ್ಕ ತಿಪಟೂರು ತಂಗಿಯ ಆಸ್ಪತ್ರೆಗೆ ಹಾಕಿ ನೋಡಿ. 80 ಬೆಡ್. ಸರ್ಕಾರಿ ಬೇಸಿಕ್ 53 ಸಾವಿರ ಅಂದರೆ ಅದರ ಮುಕ್ಕಾಲು ಭಾಗ ಸುಮಾರು 40 ಸಾವಿರ. ಅವರು ಕೊಡುತ್ತಿರುವುದು 18.

ತಿಪಟೂರು ತೆಂಗು:
40 ಸಾವಿರ ಅಂತ ನೋಡಿ ಎರಡು ಸಲ ಓದಿದೆ. ಈ ವಿಷಯ ನಮ್ಮ ಕಾಲೇಜಿನಲ್ಲಿ ನಾಲ್ಕು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

ಪೇಸ್ಲಿಪ್ ಓದಿ:
ತಂಗಿ, ಅದಕ್ಕಿಂತ ಮೊದಲು ಒಂದು ವಿಷಯ ಕೇಳು. 18,000 ಅಂದದ್ದು ಸಿಟಿಸಿಯಾ, ಗ್ರಾಸಾ? ನಾನು ಎಚ್‌ಆರ್‌ನಲ್ಲಿ ಇದ್ದವಳು. ಸಿಟಿಸಿ ಆದರೆ ಆಸ್ಪತ್ರೆ ಕಟ್ಟುವ ಪಿಎಫ್, ಇಎಸ್‌ಐ ಕೂಡ ನಿನ್ನ ಲೆಕ್ಕದಲ್ಲೇ ಬರುತ್ತದೆ. ಬೇಸಿಕ್ 12,000 ಅಂತ ಇಟ್ಟುಕೋ. ಅವರ ಪಾಲಿನ ಪಿಎಫ್ 12%, ಅಂದರೆ 1,440. ಅವರ ಇಎಸ್‌ಐ 3.25%. ಇವೆರಡೂ ಹೋದರೆ ಗ್ರಾಸ್ 16 ಸಾವಿರದ ಆಸುಪಾಸು. ಅದರಲ್ಲಿ ನಿನ್ನ ಪಾಲಿನ ಪಿಎಫ್ ಮತ್ತೆ 1,440, ಇಎಸ್‌ಐ 0.75%. ಕೈಗೆ ಬರುವುದು 14,500. ತುಮಕೂರಿನಲ್ಲಿ ಪಿಜಿ ಬಾಡಿಗೆ ಕಳೆದರೆ ಅಪ್ಪನ ಸಾಲಕ್ಕೆ ಏನು ಉಳಿಯುತ್ತದೆ?

ಮಲೆನಾಡ ಮಳೆ:
ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಕೊಡಬೇಡ. ಯಾವ ಕಾರಣಕ್ಕೂ ಕೊಡಬೇಡ. ನಾನು ಕೊಟ್ಟು ಅನುಭವಿಸಿದ್ದೇನೆ. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆದಾಗ ನನ್ನ ಮಾರ್ಕ್ಸ್ ಕಾರ್ಡ್ ಆಸ್ಪತ್ರೆಯ ಬೀರುವಿನಲ್ಲಿತ್ತು. ಬಾಂಡ್ ದುಡ್ಡು 50 ಸಾವಿರ ಕಟ್ಟಿದರೆ ಕೊಡುತ್ತೇವೆ ಅಂದರು. ಅಮ್ಮ ಬಳೆ ಅಡ ಇಟ್ಟರು. ಆ ಬಳೆ ಬಿಡಿಸಿಕೊಳ್ಳಲು ಹತ್ತು ತಿಂಗಳು ಬೇಕಾಯಿತು.

ಕಪ್ಪು ಕೋಟು:
ಒರಿಜಿನಲ್ ಸರ್ಟಿಫಿಕೇಟ್ ನಿಮ್ಮ ಸ್ವತ್ತು. ನೋಡಿ, ಜೆರಾಕ್ಸ್ ಇಟ್ಟುಕೊಂಡು ವಾಪಸ್ ಕೊಡಿ ಅಂತ ಲಿಖಿತವಾಗಿ ಕೇಳಿ.

ಬ್ಯಾಂಡ್ ಐದು:
ಇಂಗ್ಲೆಂಡ್‌ನಿಂದ ಬರೆಯುತ್ತಿದ್ದೇನೆ, ಊರು ದಾವಣಗೆರೆ. ವಿದೇಶಕ್ಕೆ ಹೋಗಿ ಅಂತ ಯಾರಾದರೂ ಹೇಳುವ ಮೊದಲು ಇದು ತಿಳಿದಿರಲಿ. ನಮ್ಮಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ಮುಗಿಸಿದರೆ ನರ್ಸ್ ಮತ್ತು ಮಿಡ್‌ವೈಫ್ (ಸೂಲಗಿತ್ತಿ) ಎರಡೂ ಅಂತ ನೋಂದಣಿ ಆಗುತ್ತದೆ. ಇಲ್ಲಿ ಅವೆರಡೂ ರಿಜಿಸ್ಟರ್‌ನ ಬೇರೆ ಬೇರೆ ಭಾಗ. ಹೆರಿಗೆ ಮಾಡಿಸುವುದು ಮಿಡ್‌ವೈಫ್ ಅಥವಾ ಡಾಕ್ಟರ್, ನರ್ಸ್ ಅಲ್ಲ. ನಾನು ಊರಿನಲ್ಲಿ ಆರು ವರ್ಷ ಹೆರಿಗೆ ಮಾಡಿಸಿದವಳು, ಇಲ್ಲಿ ಮುದುಕರ ವಾರ್ಡ್‌ನಲ್ಲಿದ್ದೇನೆ.

2025-26ಕ್ಕೆ ಬ್ಯಾಂಡ್ 5 (ಇಲ್ಲಿನ ಸರ್ಕಾರಿ ಸಂಬಳದ ಶ್ರೇಣಿ) ನರ್ಸ್‌ಗೆ ವರ್ಷಕ್ಕೆ 31,049 ಪೌಂಡ್‌ನಿಂದ ಶುರು. ಮಿಡ್‌ವೈಫ್‌ಗಳು ಸಾಮಾನ್ಯವಾಗಿ ಹೋಗುವ ಬ್ಯಾಂಡ್ 6ಕ್ಕೆ 38,682. ನೋಡಿ, ಇಲ್ಲಿ ಹೆರಿಗೆ ಮಾಡಿಸುವ ಕೆಲಸಕ್ಕೆ ಬೇರೆ ಓದು, ಬೇರೆ ನೋಂದಣಿ, ಮೇಲಿನ ಬ್ಯಾಂಡ್. ದುಡ್ಡಿಗಿಂತ ಹೆಚ್ಚಾಗಿ ನನಗೆ ಮುಟ್ಟಿದ್ದು ಅದು. ಮಗು ಹೊರಬಂದಾಗಿನ ಆ ಮೊದಲ ಅಳು ಕೇಳಿ ನನಗೆ ಮೂರು ವರ್ಷವಾಯಿತು.

ಸೆಕೆಂಡ್ ಶಿಫ್ಟ್:
ನಮ್ಮಲ್ಲೂ ಮಿಡ್‌ವೈಫ್ ಅನ್ನುವ ಬೇರೆ ದರ್ಜೆ ತರಲು 2018ರಲ್ಲಿ ಕೇಂದ್ರ ಮಾರ್ಗಸೂಚಿ ಮಾಡಿದೆ. ಹದಿನೆಂಟು ತಿಂಗಳ ತರಬೇತಿ. ತೆಲಂಗಾಣ ಅದಕ್ಕೂ ಮೊದಲೇ ಶುರು ಮಾಡಿತ್ತು. ತರಬೇತಿಯ ಜೊತೆಗೆ ಪ್ರತ್ಯೇಕ ಹುದ್ದೆ, ಪ್ರತ್ಯೇಕ ಸಂಬಳ ಬರಬೇಕು. ಇಲ್ಲದಿದ್ದರೆ ಜವಾಬ್ದಾರಿ ಮಾತ್ರ ಜಾಸ್ತಿ ಆಗುತ್ತದೆ.

ಜಾಲಹಳ್ಳಿ ಸ್ಟಾಪ್:
2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಲೇಬರ್ ರೂಮ್‌ಗೆ ಸರ್ಟಿಫಿಕೇಟ್ ಬಂದರೆ ತಂಡಕ್ಕೆ ಪ್ರೋತ್ಸಾಹಧನ ಇದೆಯಲ್ಲ? ಅತ್ತಿಗೆ ಹೇಳುತ್ತಿದ್ದರು.

ಒಂದು ದಿನದ ಬ್ರೇಕ್:
ಇದೆ. ನಮ್ಮ ಲೇಬರ್ ರೂಮ್‌ಗೂ ಸರ್ಟಿಫಿಕೇಟ್ ಬಂತು. ಪರದೆ ಹಾಕಿಸಿದರು, ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡುವುದು ಶುರುವಾಯಿತು, ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅನ್ನುವ ಚಾರ್ಟ್) ಬರೆಯುವುದು ಶಿಸ್ತಾಯಿತು. ತಾಯಂದಿರಿಗೆ ನಿಜವಾಗಿ ಒಳ್ಳೆಯದಾಯಿತು. ಆದರೆ ಅದು ಒಂದು ಸಲದ ದುಡ್ಡು, ತಿಂಗಳ ಸಂಬಳ ಅಲ್ಲ.

ಇನ್ನೊಂದು ವಿಷಯ. ನನ್ನ ಸ್ವಂತ ಹೆರಿಗೆಗೆ ರಜೆ ಕೇಳಿದಾಗ "ಕಾಂಟ್ರಾಕ್ಟ್ ಮಾರ್ಚ್‌ಗೆ ಮುಗಿಯುತ್ತದೆ, ಆಮೇಲೆ ನೋಡೋಣ" ಅಂದರು. ದಿನಾ ಬೇರೆಯವರ ಹೆರಿಗೆ ಮಾಡಿಸುವವಳಿಗೆ ಈ ಮಾತು!

ಕಪ್ಪು ಕೋಟು:
ಅದು ತಪ್ಪು. ಗುತ್ತಿಗೆಯವರಿಗೂ 26 ವಾರ ಹೆರಿಗೆ ರಜೆ ಇದೆ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಗುತ್ತಿಗೆ ಅವಧಿ ಮುಗಿದರೂ ಆ ಸೌಲಭ್ಯ ಕೊಡಬೇಕು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದು ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣ. ಆ ತೀರ್ಪಿನ ಪ್ರತಿ ಇಟ್ಟು ಅರ್ಜಿ ಕೊಡಿ. ಸಮಾನ ಕೆಲಸಕ್ಕೆ ಸಮಾನ ವೇತನ ಅಂತ 2016ರ ಅಕ್ಟೋಬರ್‌ನ ಜಗಜೀತ್ ಸಿಂಗ್ ತೀರ್ಪೂ ಇದೆ. ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.

ಕೃಷ್ಣೆ ದಂಡೆ:
2024ರ ನವೆಂಬರ್‌ದಾಗ ಬಳ್ಳಾರಿಯೊಳಗ ಬಾಣಂತಿಯರು ತೀರಿಕೊಂಡಾಗ ಐವಿ ದ್ರಾವಣದ ಮ್ಯಾಲೆ ಸಂಶಯ ಬಂತು. ನಮ್ಮ ಆಸ್ಪತ್ರ್ಯಾಗ ಮರುದಿನದಿಂದ ಮಂದಿ ಪ್ರತಿ ಬಾಟ್ಲಿ ತೋರಿಸಿ ಸಿಸ್ಟರ್‌ನ ಕೇಳ್ತಿದ್ರು. ಕೇಳೋದು ತಪ್ಪಲ್ಲ, ಜೀವದ ಭಯ. ಆದ್ರ ಬಾಟ್ಲಿ ಖರೀದಿ ಮಾಡಿದವರು ಮುಂದ ನಿಂತಿರಂಗಿಲ್ರಿ, ಹಾಕಿದಾಕಿ ನಿಂತಿರ್ತಾಳ.

ತಿಪಟೂರು ತೆಂಗು:
ಮೂರು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಪೇಸ್ಲಿಪ್ ಅಕ್ಕ ಹೇಳಿದ ಹಾಗೆ ಬ್ರೇಕ್‌ಅಪ್ ಕೇಳಿದೆ. ಅದು ಸಿಟಿಸಿಯೇ. ಕೈಗೆ 14,500. ಅಪ್ಪನ ಎದುರು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರ್ಟಿಫಿಕೇಟ್ ಮಾತ್ರ ಕೊಡಬೇಡಮ್ಮ" ಅಂದರು.

ಇವತ್ತು ಮತ್ತೆ ಹೋಗಿ ಮೇಟ್ರನ್ ಮೇಡಂ ಹತ್ತಿರ ನೇರವಾಗಿ ಮಾತಾಡಿದೆ. ಒರಿಜಿನಲ್ ಕೊಡುವುದಿಲ್ಲ, ಬಾಂಡ್‌ಗೆ ಸಹಿ ಹಾಕುವುದಿಲ್ಲ, ಕೈಗೆ 18 ಬರಬೇಕು ಅಂದೆ. ಗಂಟಲು ಒಣಗಿತ್ತು. ಅವರು ಒಳಗೆ ಹೋಗಿ ಬಂದು, ಸರ್ಟಿಫಿಕೇಟ್ ಬೇಡ, ಬಾಂಡ್ ಬೇಡ, ಕೈಗೆ 16,500 ಅಂದರು. ಒಪ್ಪಿಕೊಂಡೆ. 40 ಅಲ್ಲ, ಗೊತ್ತು. ಆದರೆ ಸರ್ಕಾರಿ ನೇಮಕಾತಿ ಬಂದ ದಿನ ಬಿಟ್ಟು ಹೋಗಲು ನನ್ನ ಕೈ ಕಟ್ಟಿಲ್ಲ. ಸಂಜೆ ಓದುತ್ತೇನೆ.

ಪೇಸ್ಲಿಪ್ ಓದಿ:
ಎರಡು ಸಾವಿರ ಕೇಳಿ ಪಡೆದೆ! ಆಫರ್ ಲೆಟರ್‌ನಲ್ಲಿ ಇದೆಲ್ಲಾ ಬರಹದಲ್ಲಿ ಇದೆಯಾ ನೋಡಿಕೋ. ಬಾಯಿಮಾತು ನಂಬಬೇಡ.

ತಿಪಟೂರು ತೆಂಗು:
ಬರೆಸಿಕೊಂಡೆ ಅಕ್ಕ. ಸೀಲ್ ಕೂಡ ಇದೆ. ಸೋಮವಾರ ಮಾರ್ನಿಂಗ್ ಡ್ಯೂಟಿ.

ಹದಿನಾಲ್ಕನೇ ವರ್ಷ:
ಸೆಕೆಂಡ್ ಮುಳ್ಳಿರುವ ವಾಚ್ ಒಂದು ತಗೋ. ಕೈಗೆ ಕಟ್ಟುವುದಲ್ಲ, ಯೂನಿಫಾರ್ಮ್‌ಗೆ ಸಿಕ್ಕಿಸುವುದು. ಗ್ಲೌಸ್ ಹಾಕಿದಾಗ ಕೈಯಲ್ಲಿ ಏನೂ ಇರಬಾರದು. ಮಗು ಹುಟ್ಟಿದ ಗಳಿಗೆ ನೀನೇ ನೋಡಿ ನೀನೇ ಬರಿ, ಬೇರೆಯವರಿಗೆ ಬಿಡಬೇಡ. ಮತ್ತೆ ಬೆಳಿಗ್ಗೆ ತಿಂಡಿ ತಿಂದು ಹೋಗು, ಮಧ್ಯಾಹ್ನದವರೆಗೆ ಕೂರಲು ಸಿಗುವುದಿಲ್ಲ.

ಒಂದು ದಿನದ ಬ್ರೇಕ್:
ಮೊದಲ ಹೆರಿಗೆ ಆದ ದಿನ ಇಲ್ಲಿ ಬಂದು ಹೇಳು. ನಾವೆಲ್ಲ ಕಾಯುತ್ತಿರುತ್ತೇವೆ.